ಹೊಡೆದದ್ದೋ, ಒಡೆದದ್ದೋ

ಇಂಗ್ಲಿಷು ಪೂರ್ತಿ ಬಂದವರಿಗೆ ಇಂಥವು ಆಗುವುದಿಲ್ಲ. ಒಂದಕ್ಷರ ಬಾರದವರಿಗೂ ಆಗುವುದಿಲ್ಲ. ಅರ್ಧ ಬಂದವನಿಗೆ ಮಾತ್ರ ವಾರಕ್ಕೊಂದರಂತೆ ಆಗುತ್ತಲೇ ಇರುತ್ತವೆ. ನನಗೆ ಬಂದದ್ದು ಸರಿಯಾಗಿ ಅರ್ಧ. ಮಿಡಲ್ ಸ್ಕೂಲಿನ ಎರಡನೆಯ ತರಗತಿಯಲ್ಲಿ ಎರಡು ವರ್ಷ ಕೂತೆ. ಮೂರನೆಯ ವರ್ಷವೂ ಕೂರಲು ಹೋದಾಗ ಹೆಡ್ ಮೇಷ್ಟ್ರು, "ಆ ಬೆಂಚಿಗೂ ಬೇಜಾರು ಅನ್ನೋದು ಇರುತ್ತಪ್ಪ" ಅಂದರು. ಎದ್ದು ಬಂದೆ. ಈಗ ನನಗೆ ಹದಿನೆಂಟು. ಇಷ್ಟರಲ್ಲೇ ಅರವತ್ತಾದವನ ಹಾಗೆ ಸುಸ್ತಾಗಿದ್ದೇನೆ. ಯಾಕೆಂದು ಕೇಳುವವರಿಗೆ ಒಂದು ಸಲ ಬರೆದು ಇಟ್ಟುಬಿಟ್ಟರೆ ಮತ್ತೆ ಮತ್ತೆ ಹೇಳುವುದು ತಪ್ಪುತ್ತದೆ.

ಯುದ್ಧ ನಡೆಯುತ್ತಿದ್ದ ಕಾಲ. ಮದ್ದೂರಿಂದ ಕೊಪ್ಪದ ಕಡೆ ಹೋಗುವ ದಾರಿಯಲ್ಲಿ ಒಬ್ಬ ಕಂತ್ರಾಟುದಾರ ಬಂಡೆ ಒಡೆಸುತ್ತಿದ್ದ. ಬಂಡೆಗೆ ಕುಳಿ ತೋಡಿ, ಸಿಡಿಮದ್ದು ತುಂಬಿ, ಹಾರಿಸಿ, ಕಲ್ಲನ್ನು ಗಾಡಿಗೆ ಹೇರುವುದು ನಲವತ್ತು ಜನರ ಕೆಲಸ. ಅವರ ಮೇಲೆ ಒಬ್ಬ ಮೇಸ್ತ್ರಿ. ಮೇಸ್ತ್ರಿಯ ಮೇಲೆ ಒಬ್ಬ ಬಿಳಿಯ ಇಂಜಿನಿಯರು. ಅವನನ್ನು ನಾವೆಲ್ಲ ದೊರೆ ಅನ್ನುತ್ತಿದ್ದೆವು. ದೊರೆಗೆ ಕನ್ನಡ ಬಾರದು, ಮೇಸ್ತ್ರಿಗೆ ಇಂಗ್ಲಿಷು ಬಾರದು. ದೊರೆ ಬೆಳಗ್ಗೆ ಬಂದು ಒಂದು ಸುತ್ತು ಹಾಕಿ, ಪುಸ್ತಕದಲ್ಲಿ ನಾಲ್ಕು ಸಾಲು ಗೀಚಿ ಹೋಗುತ್ತಿದ್ದ. ಅದನ್ನು ಮೇಸ್ತ್ರಿಗೆ ಓದಿ ಹೇಳುವುದು ನನ್ನ ಕೆಲಸ. ನನಗೆ ಅಲ್ಲಿ ಇದ್ದ ಹೆಸರು "ಇಂಗ್ಲೀಸು."

ಕೆಲಸ ಕೊಡಿಸಿದ್ದು ನನ್ನ ಸೋದರಮಾವ. ಅವನು ಅಲ್ಲಿ ಮದ್ದಿನ ಮನೆಯ ಕಾವಲುಗಾರ. ಸಿಡಿಮದ್ದು ಇಡುವ ಕಲ್ಲಿನ ಕೋಣೆಗೆ ಮದ್ದಿನ ಮನೆ ಅನ್ನುತ್ತಾರೆ. ಇದಕ್ಕೆ ಮುಂಚೆ ಮಾವ ಇನ್ನೊಂದು ಥರದ ಮದ್ದಿನ ಮನೆ ಕಾಯುತ್ತಿದ್ದ, ಅಂದರೆ ಹೆಂಡದಂಗಡಿ. ಅತ್ತೆ ಬೇಸತ್ತು ಮಳವಳ್ಳಿಯ ತವರಿಗೆ ಹೋಗಿ ಒಂದು ವರ್ಷ ಕೂತಿದ್ದಳು. ಮಾವ ಆಣೆ ಇಟ್ಟು, ಕುಡಿತ ಬಿಟ್ಟು, ಈ ಕೆಲಸ ಹಿಡಿದು, ಕೆಲಸದ ಜೊತೆ ಕೊಟ್ಟ ಒಂದಂಕಣದ ಮನೆ ತೋರಿಸಿದ ಮೇಲೆ ವಾಪಸು ಬಂದಳು. ಬಂದವಳು ಬಾಗಿಲಲ್ಲೇ ನಿಂತು ಅಂದಳು:

"ಇನ್ನೊಂದ್ ದಪ ವಾಸ್ನೆ ಬಂತೋ, ಮಳವಳ್ಳಿ ಬಸ್ ಅತ್ತುಬುಡ್ತೀನಿ. ಆಮ್ಯಾಕೆ ನೀ ಕಾಲಿಗ್ ಬಿದ್ರೂ ಬರಾಕಿಲ್ಲ."

ದೊರೆಯ ಕಾನೂನೂ ಅದೇ ಆಗಿತ್ತು. ಮದ್ದಿನ ಮನೆ ಹತ್ತಿರ ಕುಡಿದು ಬಂದವನು ಅವತ್ತೇ ಹೊರಗೆ. ಹೀಗೆ ಮಾವನ ಬಾಯಿಯ ಮೇಲೆ ಎರಡು ಸರ್ಕಾರದ ಮೂಗಿತ್ತು. ಕೆಲಸ ಹೋದರೆ ಮನೆ ಹೋಗುತ್ತದೆ, ಮನೆ ಹೋದರೆ ಅತ್ತೆ ಹೋಗುತ್ತಾಳೆ. ನನ್ನನ್ನು ಸೇರಿಸಿದ ದಿನ ಅವನು ಹೇಳಿದ್ದು ಒಂದೇ ಮಾತು:

"ಲೇ, ನಿನ್ ನಾಲ್ಗೆಗೆ ನಾ ಜವಾಬ್ದಾರಿ ಅಂತ ಏಳಿವ್ನಿ ಕಣ್ಲಾ. ಅದನ್ನ ಅಲ್ಲಿನ್ ಒಳಗೇ ಇಟ್ಕೊ."

ಹಲ್ಲಿನೊಳಗೇ ಇಟ್ಟುಕೊಳ್ಳಬೇಕೆಂದೇ ಇದ್ದೆ.

೧. ಬಿಗಿ

ಸೇರಿ ನಾಲ್ಕು ದಿನವಾಗಿತ್ತು. ಒಬ್ಬ ಕಲ್ಲುಕುಟಿಗ ಬೆಳಗ್ಗೆ ಹತ್ತು ಗಂಟೆಗೇ ಹೊಂಗೆ ಮರದಡಿ ಮಲಗಿದ್ದ. ದೊರೆ ಅವನನ್ನು ನೋಡಿ, ಬೆತ್ತದಿಂದ ತೋರಿಸಿ, "ಟೈಟ್" ಅಂತ ಒಂದೇ ಮಾತು ಹೇಳಿ ಮುಂದೆ ಹೋದ.

"ಏನಂದ್ರು ದೊರೆ?" ಅಂದ ಮೇಸ್ತ್ರಿ.

"ಬಿಗಿ ಅಂದ್ರು."

"ಏನ್ ಬಿಗಿ?"

"ಇವ್ನೇ ಬಿಗಿಯಂತೆ ಮೇಸ್ತ್ರಣ್ಣ."

ಮೇಸ್ತ್ರಿ ಒಳ್ಳೆಯ ಮನುಷ್ಯ. ಮಲಗಿದವನ ಪಕ್ಕ ಕೂತು ನೋಡಿದ. "ಪಾಪ, ಉಸ್ರು ಕಟ್ಟದೆ ಅನ್ನು" ಅಂದ. ಇಬ್ಬರೂ ಸೇರಿ ಅವನ ರುಮಾಲು ಬಿಚ್ಚಿದೆವು. ಅಂಗಿಯ ಗುಂಡಿ ಬಿಚ್ಚಿದೆವು. ನಡುವಿಗೆ ಬಿಗಿದಿದ್ದ ವಸ್ತ್ರ ಬಿಚ್ಚಿದೆವು. ಪಂಚೆ ಸಡಿಲಿಸಿದೆವು. ಕೊನೆಗೆ ಮೇಸ್ತ್ರಿ ಯೋಚನೆ ಮಾಡಿ ಉಡುದಾರವನ್ನೂ ಕತ್ತರಿಸಿದ. ದೊರೆ ಸುತ್ತು ಮುಗಿಸಿ ಬಂದಾಗ ಆ ಮನುಷ್ಯ ಹುಟ್ಟಿದ ದಿನಕ್ಕೆ ಹೆಚ್ಚೂಕಡಿಮೆ ಹತ್ತಿರ ಇದ್ದ.

"ಏನಿದು?" ಅಂತ ದೊರೆ ಕಣ್ಣಲ್ಲೇ ಕೇಳಿದ.

"ಲೂಸ್ ಮಾಡಿದ್ದೇವೆ ಸರ್" ಅಂದೆ.

ಅಷ್ಟು ಹೊತ್ತಿಗೆ ಮಲಗಿದ್ದವನು ಒಂದು ಕಣ್ಣು ತೆರೆದು, ಹೊಟ್ಟೆ ಸವರಿಕೊಂಡು ನಮ್ಮಿಬ್ಬರಿಗೂ ಕೈ ಮುಗಿದ. "ಪುಣ್ಯ ಕಟ್ಕೊಂಡ್ರಿ ಕಣ್ರಪ್ಪ. ಈಗ ಇನ್ನೊಂದ್ ಕುಡಿಕೆ ಇಡೀತದೆ."

೨. ಗಾರೆ

ದೊರೆಯ ಸ್ನೇಹಿತನೊಬ್ಬ ಬೆಂಗಳೂರಿಂದ ಬಂದು ಬಂಗಲೆಯಲ್ಲಿ ಇಳಿದಿದ್ದ. ಬೆಳಗ್ಗೆ ದೊರೆ ಒಬ್ಬನೇ ಬಂದು ಪುಸ್ತಕದಲ್ಲಿ ಬರೆದು ಹೋದ. ಸ್ನೇಹಿತ ಪ್ಲಾಸ್ಟರ್ಡ್, ಸಂಜೆಯ ತನಕ ಬಂಗಲೆಯ ಕಡೆ ಯಾರೂ ಸದ್ದು ಮಾಡಕೂಡದು, ಅಷ್ಟೆ.

ಪ್ಲಾಸ್ಟರ್ ಅಂದರೆ ಗಾರೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದೇ ಕೇಡಾಯಿತು.

"ಸ್ನೇಹಿತ್ರಿಗೆ ಗಾರೆ ಬಳ್ದವ್ರಂತೆ" ಅಂದೆ.

"ಮನ್ಸಂಗಾ?"

ನಾನು ಮಂಡ್ಯದಲ್ಲಿ ಒಬ್ಬನನ್ನು ನೋಡಿದ್ದೆ. ಕಾಲು ಮುರಿದುಕೊಂಡವನಿಗೆ ಆಸ್ಪತ್ರೆಯಲ್ಲಿ ಬೆಳ್ಳಗೆ ಗಾರೆ ಹಾಕಿ ಕೂರಿಸಿದ್ದರು. ಅದನ್ನು ಹೇಳಿದೆ. ಮೇಸ್ತ್ರಿಯ ಮುಖ ಬಾಡಿಹೋಯಿತು. "ಮೂಳೆ ಮುರ್ದದೆ ಅನ್ನಪ್ಪ ಮತ್ತೆ! ಗಾರೆ ಆಕುದ್ರೆ ಗೋಡೆ ನಿಂತ್ಕತದೆ, ಮೂಳೆ ನಿಂತ್ಕತದಾ?" ಅಂದವನೇ ಗಾಡಿ ಕಟ್ಟಿಸಿ ಕೊಪ್ಪದಿಂದ ಮೂಳೆ ಕಟ್ಟುವವನನ್ನು ಕರೆಸಿದ. ಆ ಮನುಷ್ಯ ಎಣ್ಣೆ, ಕೋಳಿಮೊಟ್ಟೆ, ಬಿದಿರು ದಬ್ಬೆ ಎಲ್ಲ ತಂದಿದ್ದ. ದೊರೆ ಬಂಡೆಯ ಹತ್ತಿರ ಇದ್ದ. ನಾವು ಮೂವರೂ ಸದ್ದು ಮಾಡದೆ ಬಂಗಲೆಯ ಒಳಗೆ ಹೋದೆವು.

ಸ್ನೇಹಿತ ಮಂಚದ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

"ನೋವಿಗೆ ಎಚ್ರ ತಪ್ಪೋಗದೆ" ಅಂದ ಮೂಳೆಯವನು. "ಗಾರೆ ಎಲ್ಲದೆ?"

"ಒಣಗಿ ಉದ್ರೋಗಿರ್ಬೇಕು" ಅಂದೆ ನಾನು.

"ಯಾವ್ ಕಾಲು?"

ಇದು ಪುಸ್ತಕದಲ್ಲಿ ಇರಲಿಲ್ಲ. ಎಡಗಾಲು ಹತ್ತಿರ ಇತ್ತು. ಮೂಳೆಯವನು ಅದಕ್ಕೆ ಎಣ್ಣೆ ಸವರಿ, ಪಾದವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನನಗೂ ಮೇಸ್ತ್ರಿಗೂ ಭುಜ ಹಿಡಿಯಲು ಹೇಳಿ, ಒಂದು ಸಲ ಜಗ್ಗಿದ. ಆ ಕೂಗಿಗೆ ಬಂಡೆಯ ಹತ್ತಿರ ಇದ್ದವರು ಮದ್ದು ಹಾರಿತೆಂದು ನೆಲಕ್ಕೆ ಬಿದ್ದರಂತೆ. ಸ್ನೇಹಿತ ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಅಂಗಳಕ್ಕೆ ಹಾರಿ, ಹುಣಸೆ ಮರದ ತನಕ ಓಡಿದ.

ಮೂಳೆಯವನು ನಿಧಾನವಾಗಿ ಕೈಯೊರೆಸಿಕೊಂಡ. "ನೋಡುದ್ರಾ? ದಬ್ಬೆನೂ ಬೇಕಾಗ್ನಿಲ್ಲ."

೩. ಪಟ್ಟಿ

ಮಾರನೆಯ ದಿನ ದೊರೆ ನನ್ನನ್ನು ಕರೆಸಿದ. ಕೆಲಸ ಹೋಯಿತು ಅಂದುಕೊಂಡೆ. ಬೈಯಲಿಲ್ಲ. ಅವನಿಗೂ ಸಾಕಾಗಿತ್ತು ಅಂತ ಕಾಣುತ್ತದೆ. ಕೂರು ಅಂದ, ಪೆನ್ಸಿಲು ಕೊಟ್ಟ, ಬರೆದುಕೋ ಅಂದ. ತಾನು ಯಾವ ಯಾವ ಮಾತು ಆಡಿದರೆ ಅದಕ್ಕೆ ಕುಡಿದಿದ್ದಾನೆ ಅಂತ ಮಾತ್ರ ಅರ್ಥ, ಬೇರೆ ಏನೂ ಮಾಡಕೂಡದು ಅಂತ ಒಂದೊಂದಾಗಿ ಹೇಳಿದ.

ಅವತ್ತು ಬರೆದ ಪಟ್ಟಿ ಇನ್ನೂ ನನ್ನ ಹತ್ತಿರ ಇದೆ. ಟೈಟ್, ಬಿಗಿದವನು. ಪ್ಲಾಸ್ಟರ್ಡ್, ಗಾರೆ ಬಳಿದವನು. ಲೋಡೆಡ್, ಹೇರು ತುಂಬಿದವನು. ಪಿಕಲ್ಡ್, ಉಪ್ಪಿನಕಾಯಿ ಹಾಕಿದವನು. ಸ್ಟ್ಯೂಡ್, ಬೇಯಿಸಿದವನು. ಬ್ಲೈಂಡ್, ಕುರುಡ. ಹಾಫ್ ಕಟ್, ಅರ್ಧ ಕೊಯ್ದವನು. ಹಾಫ್ ಶಾಟ್, ಅರ್ಧ ಗುಂಡೇಟು ಬಿದ್ದವನು. ಹತ್ತೊಂಬತ್ತಕ್ಕೆ ಪೆನ್ಸಿಲು ಮುರಿಯಿತು, ಇಲ್ಲದಿದ್ದರೆ ಇನ್ನೂ ಇತ್ತು. ಪೇಪರಿನಲ್ಲಿ ದಿನಾ ಬರುತ್ತಿದ್ದ ಯುದ್ಧದ ಸುದ್ದಿಗೂ ಈ ಪಟ್ಟಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ. ಕೊಯ್ದರು, ಸುಟ್ಟರು, ಗುಂಡು ಹಾರಿಸಿದರು. ಒಬ್ಬ ಮನುಷ್ಯ ಎರಡು ಲೋಟ ಕುಡಿದು ಮಲಗಿದ್ದಕ್ಕೆ ಇಷ್ಟು ಸಾವುನೋವು ಯಾಕೆ ಅಂತ ಆ ಜನವನ್ನೇ ಕೇಳಬೇಕು.

ಪಟ್ಟಿ ಮುಗಿದ ಮೇಲೆ ದೊರೆ ಕೇಳಿದ, ನಿಮ್ಮಲ್ಲಿ ಏನನ್ನುತ್ತೀರಿ?

"ಒಡೆದವ್ನೆ" ಅಂದೆ.

ಹಾಗಂದರೆ? ಬಾರಿಸಿದ್ದಾನೆ ಅಂತ ಅರ್ಥ ಸರ್, ಅಂದೆ. ಯಾರನ್ನು? ಯಾರನ್ನೂ ಅಲ್ಲ ಸರ್, ಸುಮ್ಮನೆ. ದೊರೆಗೆ ಇದು ಬಹಳ ಹಿಡಿಸಿತು. ಮೂರು ಸಲ ನನ್ನ ಬಾಯಿಂದ ಹೇಳಿಸಿ, ತನ್ನ ಪುಸ್ತಕದಲ್ಲಿ ಬರೆದುಕೊಂಡ. ಅವನು ಕಲಿತ ಮೊದಲ ಕನ್ನಡ ಮಾತು ಅದು, ಕೊನೆಯದೂ ಅದೇ.

ಓದುವವರು ಇಲ್ಲಿ ಒಂದು ವಿಷಯ ತಿಳಿಯಬೇಕು. ಆ ಮಾತು ನಿಜವಾಗಿ "ಹೊಡೆದವನೆ." ನಮ್ಮ ಕಡೆ ಹ ಯಾರ ಬಾಯಲ್ಲೂ ಇಲ್ಲ. ಹಳ್ಳಿ ಅಳ್ಳಿ, ಹೆಂಡ ಎಂಡ, ಹೆಂಡತಿ ಎಂಡ್ತಿ. ಸ್ಕೂಲಿನಲ್ಲಿ ನಾನೊಂದು ಸಲ ಪ್ರಬಂಧ ಬರೆದಿದ್ದೆ: "ನಮ್ಮ ಮೇಷ್ಟ್ರು ನನ್ನನ್ನು ದಿನಾ ಒಡೆಯುತ್ತಾರೆ." ಮೇಷ್ಟ್ರು ಮೈಸೂರಿನವರು. "ಒಡೆಯೋದಕ್ಕೆ ನೀನೇನು ತೆಂಗಿನಕಾಯೇನೋ? ಹೊ, ಹೊಡೆಯೋದು! ಹೊ! ಹೊ!" ಅಂತ ಒಂದೊಂದು ಹೊ ಗೂ ಅಂಗೈಗೆ ಒಂದೊಂದು ಬಿಟ್ಟರು. ಬೆತ್ತ ಬಿದ್ದದ್ದು ಕೈಗೆ ತಾನೇ? ಅದಕ್ಕೆ ಹ ಈಗಲೂ ನನಗೆ ಬರೆಯಲು ಬರುತ್ತದೆ, ಅನ್ನಲು ಬರುವುದಿಲ್ಲ.

೪. ಅರ್ಧ ಗುಂಡು

ಇದೊಂದರಲ್ಲಿ ಮಾತ್ರ ತಪ್ಪು ಪೂರ್ತಿ ನನ್ನದು. ಒಪ್ಪುತ್ತೇನೆ.

ಉಳಿ ಚಾಣಗಳಿಗೆ ಮೊನೆ ಹಿಡಿಯುವ ಕಮ್ಮಾರನೊಬ್ಬ ಇದ್ದ. ಅವನು ಕುಡಿದ ದಿನಕ್ಕಿಂತ ಕುಡಿಯದ ದಿನ ಲೆಕ್ಕ ಹಾಕುವುದು ಸುಲಭ. ಒಂದು ಬೆಳಗ್ಗೆ ದೊರೆ ಬರೆದಿದ್ದ: ಕಮ್ಮಾರ ಹಾಫ್ ಶಾಟ್, ಬೇರೆಯವನನ್ನು ನೋಡಿ.

ಪಟ್ಟಿ ನನ್ನ ಜೇಬಲ್ಲೇ ಇತ್ತು, ಅರ್ಥವೂ ಗೊತ್ತಿತ್ತು. ಆದರೆ ಮೇಸ್ತ್ರಿ ಅಷ್ಟು ನಂಬಿಕೆಯಿಂದ ಮುಖ ನೋಡುತ್ತಾ "ಏನ್ ಬರ್ದವ್ರೆ?" ಅಂದರೆ ನಾಲಗೆ ಒಳಗೆ ನಿಲ್ಲುವುದಾದರೂ ಹೇಗೆ?

"ಕಮ್ಮಾರಂಗೆ ಅರ್ಧ ಗುಂಡು ಒಡೆದವ್ರಂತೆ" ಅಂದೆ.

ಮೇಸ್ತ್ರಿ ಕಲ್ಲಿನ ಮೇಲೆ ಕೂತುಬಿಟ್ಟ. "ಅರ್ಧ ಅಂದ್ರೆ?"

"ಅರ್ಧ ಒಳಗದೆ, ಇನ್ನರ್ಧ ಈಚೆಗದೆ."

ನಕ್ಕು, ಸುಳ್ಳು ಅಂತ ಹೇಳಬೇಕು ಅನ್ನುವಷ್ಟರಲ್ಲಿ ಪಕ್ಕದಲ್ಲಿದ್ದ ಗಾಡಿಯವನು ಸುದ್ದಿ ಹೊತ್ತುಕೊಂಡು ಊರೊಳಗೆ ಹೋಗಿಯಾಗಿತ್ತು. ಅರ್ಧ ಗಂಟೆಯಲ್ಲಿ ಕಮ್ಮಾರನ ಹೆಂಡತಿ ಎದೆ ಬಡಿದುಕೊಳ್ಳುತ್ತಾ ಬಂದಳು, ಹಿಂದೆ ಅವರ ಬೀದಿಗೆ ಬೀದಿಯೇ ಬಂತು. ಕಮ್ಮಾರ ತಿದಿಯ ಹಿಂದೆ ಮಲಗಿದ್ದ. ಅಳು ಕೇಳಿ ಎದ್ದು ಕೂತ. ಇಷ್ಟು ಜನ ಅಳುವುದನ್ನು ನೋಡಿ ಅವನಿಗೂ ಅಳು ಬಂತು.

"ಯಾರ್ ಓದ್ರು?" ಅಂದ.

"ನೀನೇ ಕಣಯ್ಯೋ!" ಅಂದಳು ಒಬ್ಬ ಮುದುಕಿ.

"ಅಯ್ಯೋ, ಯಾವಾಗ?" ಅಂತ ಇನ್ನೂ ಜೋರಾಗಿ ಅತ್ತ.

ಹೆಂಡತಿ ತಬ್ಬಿಕೊಳ್ಳಲು ಬಗ್ಗಿದವಳು ಅರ್ಧಕ್ಕೇ ನಿಂತಳು. ಮೂಗು ಅರಳಿತು, ಅಳು ನಿಂತಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಲುಮೆಯ ಪಕ್ಕದಲ್ಲಿದ್ದ ಇಕ್ಕಳ ಎತ್ತಿಕೊಂಡಳು. "ಅರ್ಧ ಆಗದೆ ಅಂದ್ರಲ್ಲ? ಎಲ್ಲಾರೂ ವಸಿ ಅತ್ಲಾಗ್ ಸರ್ಕಳ್ಳಿ. ಮಿಕ್ಕರ್ಧ ನಾ ಮುಗ್ಸ್ತೀನಿ."

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಮೇಸ್ತ್ರಿಯೂ ನಗಲಿಲ್ಲ. ಅವತ್ತಿನಿಂದ ನಾನು ಓದಿದ ಪ್ರತಿ ಸಾಲಿಗೂ ಮೇಸ್ತ್ರಿ "ಅತ್ತೆ ಆಣೆ ಆಕು" ಅನ್ನಲು ಶುರು ಮಾಡಿದ. ಇವತ್ತು ಸೋಮವಾರ ಅಂತ ಹೇಳಿದರೂ ಆಣೆ ಬೇಕು. ಇದು ಎಷ್ಟು ಆಯಾಸದ ಬದುಕು ಅಂತ ಹಾಸ್ಯ ಮಾಡಿ ನೋಡದವರಿಗೆ ಗೊತ್ತಾಗುವುದಿಲ್ಲ. ಇದಕ್ಕೆ ಜೊತೆಯಾಗಿ ನನ್ನ ಹಲ್ಲು ಸ್ವಲ್ಪ ಮುಂದೆ. ಅಳುತ್ತಾ ಇದ್ದರೂ ನೋಡಿದವರಿಗೆ ನಗುತ್ತಾ ಇದ್ದೇನೆ ಅನ್ನಿಸುತ್ತದೆ.

೫. ಒಡ್ದಿಲ್ಲ, ಒಡ್ದೆ

ಯುದ್ಧದಿಂದಾಗಿ ದೊರೆಗೆ ಸೀಮೆ ಬ್ರಾಂದಿ ಸಿಗುವುದು ಕಷ್ಟವಾಗಿತ್ತು. ಹೇಗೋ ಬೆಂಗಳೂರಿಂದ ಆರು ಬಾಟ್ಲಿಯ ಒಂದು ಪೆಟ್ಟಿಗೆ ಬಂತು. ಬಂಗಲೆಯಲ್ಲಿಟ್ಟರೆ ಸ್ನೇಹಿತರು ಬರುತ್ತಾರೆ. ಬಲವಾದ ಬೀಗ ಇದ್ದದ್ದು ಮದ್ದಿನ ಮನೆಗೆ, ಕುಡಿಯದೆ ಇದ್ದವನು ಮಾವ ಒಬ್ಬ. ದೊರೆ ಪೆಟ್ಟಿಗೆಯನ್ನು ಅಲ್ಲಿಡಿಸಿ, ಮಾವನ ಭುಜ ತಟ್ಟಿ ಹೋದ.

ಮಾವನ ಮುಖ ಅವತ್ತಿನಿಂದ ಇಳಿಯಿತು. "ಒಳ್ಗಡೆ ಈಗ ಎಲ್ಡ್ ತರ ಮದ್ದದೆ ಕಣ್ಲಾ. ಒಂದು ಸಿಡುದ್ರೆ ಪ್ರಾಣ ಓಯ್ತದೆ. ಇನ್ನೊಂದು ಸಿಡುದ್ರೆ ನಿಮ್ಮತ್ತೆ ಓಯ್ತಾಳೆ."

ಮೂರನೆಯ ದಿನ ಬೆಳಗ್ಗೆ ಎರಡನೆಯದು ಸಿಡಿಯಿತು. ಮಾವ ಕಸ ಗುಡಿಸಲು ಪೆಟ್ಟಿಗೆ ಎತ್ತಿದ. ತಳದ ಹಲಗೆ ಕಿತ್ತುಕೊಂಡಿತು. ಒಂದು ಬಾಟ್ಲಿ ಹೊಸ್ತಿಲ ಕಲ್ಲಿಗೆ ಬಿದ್ದು ಚೂರಾಗಿ, ಒಳಗಿದ್ದದ್ದೆಲ್ಲ ಮಾವನ ಪಂಚೆಯ ಮೇಲೆ ಸೊಂಟದಿಂದ ಪಾದದ ತನಕ ಹರಿಯಿತು. ಸದ್ದು ಕೇಳಿ ಮೇಸ್ತ್ರಿ ಓಡಿಬಂದ. ಹಿಂದೆಯೇ ದೊರೆ ಬಂದ. ಬಂದವನಿಗೆ ಮೊದಲು ಸಿಕ್ಕಿದ್ದು ವಾಸನೆ. ಆಮೇಲೆ ಗಡಗಡ ನಡುಗುತ್ತಾ ನಿಂತ ಮಾವ ಕಂಡ. ಏನಾಯಿತು ಅಂತ ಮೇಸ್ತ್ರಿಯ ಕಡೆ ಕೈ ತಿರುವಿದ.

ಮೇಸ್ತ್ರಿ ಸುಳ್ಳು ಹೇಳುವವನಲ್ಲ. ಆದದ್ದನ್ನು ಆದ ಹಾಗೆ ಹೇಳಿದ: "ಕಾವಲ್ನವ್ನು ಒಡೆದವ್ನೆ ಸ್ವಾಮಿ."

ದೊರೆಯ ಮುಖ ನೋಡಬೇಕಿತ್ತು. ಎರಡು ವರ್ಷದಲ್ಲಿ ಮೊದಲನೆಯ ಸಲ ಒಂದು ಕನ್ನಡ ಮಾತು ಯಾರ ಸಹಾಯವೂ ಇಲ್ಲದೆ ಅವನಿಗೆ ಅರ್ಥವಾಗಿತ್ತು. ಪುಸ್ತಕ ತೆಗೆದು ನೋಡಿಕೊಂಡ. "ಒಡೆದವ್ನೆ" ಅಂತ ತಾನೂ ಒಂದು ಸಲ ಅಂದ. ಮೇಸ್ತ್ರಿ ಹೌದು ಹೌದು ಅಂತ ತಲೆ ಆಡಿಸಿದ. ದೊರೆ ಮಾವನಿಗೆ ಬೆತ್ತದಿಂದ ದಾರಿ ತೋರಿಸಿದ. "ಔಟ್!"

ಅಷ್ಟು ಇಂಗ್ಲಿಷು ಮಾವನಿಗೂ ಬರುತ್ತಿತ್ತು.

ದೊರೆಯ ಹಿಂದೆಯೇ ನಾನೂ ಓಡಿಬಂದಿದ್ದೆ. "ಸರ್, ಅವನು ಕುಡಿದಿಲ್ಲ, ಬ್ರೇಕ್ ಮಾಡಿದ್ದಾನೆ" ಅಂದೆ. ಕುಡಿದ ಮೇಲೆ ಬ್ರೇಕ್ ಮಾಡದೆ ಇನ್ನೇನು ಅಂದ ದೊರೆ. "ಸರ್, ಆ ಮಾತು ಬೇರೆ, ಈ ಮಾತು ಬೇರೆ" ಅಂದೆ. ಪುಸ್ತಕ ನನ್ನ ಮೂಗಿನ ಮುಂದೆ ಹಿಡಿದ. ನೀನೇ ಹೇಳಿಕೊಟ್ಟದ್ದು, ಮೂರು ಸಲ ಕೇಳಿ ಬರೆದುಕೊಂಡಿದ್ದೇನೆ. "ಅದರಲ್ಲಿ ಮುಂದೆ ಒಂದು ಅಕ್ಷರ ಜಾಸ್ತಿ ಸರ್" ಅಂದೆ. ಯಾವುದು, ಹೇಳು ಅಂದ. ಉಸಿರು ಎಳೆದು, ಹೊಟ್ಟೆಯಿಂದ ಬಲ ಹಾಕಿ ಅಂದೆ:

"ಒಡೆದವ್ನೆ."

ನಗುತ್ತಿದ್ದೀಯಾ ಅಂದ ದೊರೆ. ಹಲ್ಲು ಮುಚ್ಚಿಕೊಂಡೆ.

ಆಗ ಮಾವ ತಾನೇ ಮುಂದೆ ಬಂದು ಕೈ ಮುಗಿದ. ಪಾಪ, ಅವನಿಗೆ ಇದ್ದ ಸತ್ಯ ಇಷ್ಟೇ: "ಸ್ವಾಮಿ, ದೇವ್ರಾಣೆಗೂ ನಾ ಒಡ್ದಿಲ್ಲ. ಒಡ್ದೆ, ನಿಜ. ಆದ್ರೆ ಒಡ್ದಿಲ್ಲ!"

ದೊರೆ ನನ್ನ ಕಡೆ ತಿರುಗಿದ. ಇದನ್ನು ಹೇಗೆ ಹೇಳುವುದು? ಒಡ್ದಿಲ್ಲ, ಒಡ್ದೆ, ಒಡ್ದಿಲ್ಲ. ದೊರೆಯ ಕಿವಿಗೆ ಅದು ಇಲ್ಲ, ಹ್ಞೂ, ಇಲ್ಲ ಅಂತ ಬಿದ್ದಿರಬೇಕು. ಕುಡಿದವನ ಮಾತು ಇನ್ನು ಹೇಗಿರುತ್ತದೆ?

ದೊರೆ ನ್ಯಾಯದ ಮನುಷ್ಯ. ಹಾಗೆ ಎರಡು ಮಾತು ಇದ್ದರೆ ಯಾರಾದರೂ ಬೇರೆ ಬೇರೆಯಾಗಿ ಹೇಳಿ ತೋರಿಸಲಿ ಅಂದ. ಮೇಸ್ತ್ರಿಯನ್ನು ನಿಲ್ಲಿಸಿದೆ. "ಮೇಸ್ತ್ರಣ್ಣ, ಎಂಡ ಒಡೆದವ್ನೆ ಅನ್ನೋದನ್ನೂ ಬಾಟ್ಲಿ ಒಡೆದವ್ನೆ ಅನ್ನೋದನ್ನೂ ಬ್ಯಾರೆ ಬ್ಯಾರೆ ಅನ್ನು." ಮೇಸ್ತ್ರಿ ಗಂಟಲು ಸರಿ ಮಾಡಿಕೊಂಡು, "ಒಡೆದವ್ನೆ" ಅಂದ. ಸ್ವಲ್ಪ ತಡೆದು, "ಒಡೆದವ್ನೆ" ಅಂದ. ಆಮೇಲೆ ಹೆಮ್ಮೆಯಿಂದ ನನ್ನ ಮುಖ ನೋಡಿದ. ನಲವತ್ತು ಜನರನ್ನೂ ಸಾಲಾಗಿ ನಿಲ್ಲಿಸಿದೆವು. ಒಬ್ಬೊಬ್ಬರೂ ಬಾಯಿ ತೆರೆದು, ಕತ್ತಿನ ನರ ಉಬ್ಬಿಸಿ, ಕಣ್ಣಲ್ಲಿ ನೀರು ತಂದುಕೊಂಡು ಅಂದರು. ನಲವತ್ತೂ ಅ. ಒಂದೂ ಹ ಇಲ್ಲ.

ಶಿವಪುರದ ಕಡೆಯಿಂದ ಖಾದಿ ಟೋಪಿಯ ಇಬ್ಬರು ಬರುತ್ತಿದ್ದವರು ದಾರಿಯಲ್ಲೇ ನಿಂತರು. "ಇದ್ಯಾವ್ ಸತ್ಯಾಗ್ರ ಕಣಪ್ಪ?"

"ಅ ಅನ್ನಾಕ್ ಬರ್ನಿಲ್ಲ ಅಂತ ನಿಲ್ಸವ್ರೆ" ಅಂದ ಸಾಲಿನ ಕೊನೆಯವನು.

ಅವರಿಬ್ಬರೂ ಮೆಲ್ಲಗೆ ತಾವೂ ಒಂದೊಂದು ಸಲ ಅಂದು ನೋಡಿಕೊಂಡು, ಬೇಗ ಬೇಗ ಹೊರಟುಹೋದರು.

ಅಷ್ಟರಲ್ಲಿ ಅತ್ತೆ ಬಂದಳು. ಸುದ್ದಿ ಅವಳಿಗಾಗಲೇ ಮುಟ್ಟಿತ್ತು. ತಲೆಯ ಮೇಲೆ ಬುತ್ತಿ ಇರಲಿಲ್ಲ. ಕಂಕುಳಲ್ಲಿ ಗಂಟಿತ್ತು. ಮಳವಳ್ಳಿ ಬಸ್ಸು ಬರಲು ಇನ್ನು ಅರ್ಧ ಗಂಟೆ. ಸಾಲು ತಾನಾಗಿ ಎರಡಾಗಿ ದಾರಿ ಬಿಟ್ಟಿತು. ನನಗೆ ಜೀವಮಾನದಲ್ಲಿ ಮೊದಲನೆಯ ಸಲ ಹಾಸ್ಯದ ಮಾತು ಒಂದೂ ನೆನಪಾಗಲಿಲ್ಲ.

"ಅತ್ತೆ, ಮಾವ ಕುಡ್ದಿಲ್ಲ" ಅಂದೆ. "ನಿನ್ನಾಣೆ."

"ನೀ ಸುಮ್ಕಿರು, ಎಲ್ಲಾದ್ಕೂ ನಗಾದೇ ಆಯ್ತು ನಿಂಗೆ" ಅಂದಳು.

ಮಾವನ ಎದುರು ನಿಂತಳು. "ಬಾಯ್ ಬುಡು."

ಮಾವ ಕಣ್ಣು ಮುಚ್ಚಿ ಬಾಯಿ ತೆರೆದ. ಎರಡು ವರ್ಷದಿಂದ ಪ್ರತಿ ಸಂಜೆ ಅವರ ಮನೆಯಲ್ಲಿ ನಡೆಯುತ್ತಿದ್ದ ಪರೀಕ್ಷೆ ಅದು. ಅತ್ತೆ ಒಂದು ಸಲ ಮೂಸಿದಳು. ನಿಂತಳು. ಇನ್ನೊಂದು ಸಲ ಮೂಸಿದಳು. ಕತ್ತಿನ ಹತ್ತಿರ ಮೂಸಿದಳು. ಎದೆಯ ಹತ್ತಿರ ಮೂಸಿದಳು. ಸೊಂಟದ ತನಕ ಬಗ್ಗಿದವಳು ಥಟ್ಟನೆ ಮುಖ ಹಿಂದಕ್ಕೆಳೆದುಕೊಂಡು, ಪಂಚೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ನೆಟ್ಟಗೆ ನಿಂತು ದೊರೆಗೆ ತೀರ್ಪು ಹೇಳಿದಳು:

"ಇವ್ನು ಕುಡ್ದಿಲ್ಲ. ಪಂಚೆ ಕುಡ್ದದೆ."

ದೊರೆ ನನ್ನ ಕಡೆ ನೋಡಿದ. ನನಗೆ ತಲೆಯಲ್ಲಿ ಬೇರೆ ಇಂಗ್ಲಿಷು ಉಳಿದಿರಲಿಲ್ಲ. ಪಟ್ಟಿಯಲ್ಲಿದ್ದದ್ದನ್ನೇ ಅಂದೆ: "ಸರ್, ಕಾವಲುಗಾರ ನೋ ಸರ್. ಪಂಚೆ ಪ್ಲಾಸ್ಟರ್ಡ್ ಸರ್."

ನಗಿಸಲು ಹೇಳಿದ್ದಲ್ಲ. ದೇವರಾಣೆಗೂ ಅಲ್ಲ. ದೊರೆ ಮುಂದೆ ಬಂದು ಮಾವನ ಬಾಯಿಯ ಹತ್ತಿರ ತಾನೂ ಮೂಗಿಟ್ಟ. ಬೆಳಗ್ಗೆ ಮಾವ ತಂಗಳು ಮುದ್ದೆಗೆ ಹಸಿ ಈರುಳ್ಳಿ ಕಡಿದುಕೊಂಡಿದ್ದ. ದೊರೆ ಎರಡು ಹೆಜ್ಜೆ ಹಿಂದಕ್ಕೆ ಹೋದ. ಕಣ್ಣೊರೆಸಿಕೊಂಡ. ಆಮೇಲೆ ಬಗ್ಗಿ ಪಂಚೆಯ ಅಂಚು ಮೂಸಿದ. ಅಲ್ಲಿ ಬಹಳ ಹೊತ್ತು ಇದ್ದ, ತನ್ನ ಬ್ರಾಂದಿ ತಾನೇ. ಎದ್ದಾಗ ಮುಖ ಕೆಂಪಾಗಿತ್ತು. ನಗು ತಡೆದುಕೊಂಡದ್ದಕ್ಕೋ ದುಃಖಕ್ಕೋ ನನಗೆ ಗೊತ್ತಾಗಲಿಲ್ಲ. ಕಾವಲುಗಾರ ಇರಲಿ ಅಂದ. ಆದರೆ ಕಾನೂನು ಕಾನೂನೇ, ಕುಡಿದದ್ದು ಯಾವುದೇ ಆಗಲಿ ಮದ್ದಿನ ಮನೆಯ ಹತ್ತಿರ ಇರಕೂಡದು. ಬೆತ್ತದಿಂದ ಪಂಚೆಯನ್ನು ತೋರಿಸಿದ. "ಔಟ್!"

ಮಾವ ಅದನ್ನು ಬಿಚ್ಚಿದರೆ ಉಡುವುದೇನು? ನಲವತ್ತು ಜನ ಸಾಲು ನಿಂತು ನೋಡುತ್ತಿದ್ದರು. ಅವನಿಗೆ ಇದ್ದದ್ದು ಇನ್ನೊಂದೇ ಪಂಚೆ. ಅದು ಅತ್ತೆಯ ಕಂಕುಳಲ್ಲಿತ್ತು. ಸಿಟ್ಟಿನಲ್ಲಿ ಸೀರೆ, ಬಾಚಣಿಗೆ, ಕುಂಕುಮದ ಭರಣಿ ಎಲ್ಲ ಅದರಲ್ಲೇ ಹಾಕಿ ಗಂಟು ಕಟ್ಟಿಕೊಂಡು ಬಂದಿದ್ದಳು.

ಅತ್ತೆ ಮಾವನನ್ನು ನೋಡಿದಳು. ಗಂಟನ್ನು ನೋಡಿದಳು. ಅಷ್ಟು ದೂರದಲ್ಲಿ ಬಸ್ಸಿನ ಸದ್ದು ಕೇಳಿಸಿತು. ಅವಳು ನೆಲಕ್ಕೆ ಕೂತು ಗಂಟು ಬಿಚ್ಚಿ, ಪಂಚೆ ಕೊಡವಿ ಅವನ ಕಡೆ ಎಸೆದಳು. "ಉಟ್ಕೊ. ಮರ್ವಾದೆ ಓಯ್ತದೆ."

ಬಿಡಿ ಬಿಡಿಯಾಗಿ ಬಿದ್ದ ಸೀರೆ ಬಾಚಣಿಗೆಗಳನ್ನು ನಾನು ಎತ್ತಿಕೊಂಡು ಅವಳ ಹಿಂದೆ ಮನೆಗೆ ಹೋಗಿ ಇಟ್ಟು ಬಂದೆ. ಬಸ್ಸು ಯಾರಿಗೂ ಕಾಯದೆ ಮಳವಳ್ಳಿಗೆ ಹೋಯಿತು.

ಕುಡಿದ ಪಂಚೆಯನ್ನು ಮದ್ದಿನ ಮನೆಯಿಂದ ಒಂದು ಫರ್ಲಾಂಗು ಆಚೆ, ಕುಲುಮೆಯ ಹಿಂದಿನ ಬೇಲಿಗೆ ಹಾಕಿಸಿದರು. ಕೆಲಸ ಬಿಡುವ ಹೊತ್ತಿಗೆ ಅದನ್ನು ತರಲು ಅತ್ತೆ ನನ್ನನ್ನು ಕಳಿಸಿದಳು. ಹೋಗಿ ನೋಡಿದರೆ ಕಮ್ಮಾರ ಬೇಲಿಯ ಬುಡದಲ್ಲಿ ಕಾಲು ಚಾಚಿ ಕೂತಿದ್ದ. ಪಂಚೆಯ ಒಂದು ಅಂಚು ಅವನ ಬಾಯೊಳಗಿತ್ತು. ಕಣ್ಣು ಮುಚ್ಚಿ, ಕಬ್ಬಿನ ಜಲ್ಲೆ ತಿನ್ನುವವನ ಹಾಗೆ ಚೀಪುತ್ತಿದ್ದ. ಒಂದು ಕಡೆಯಿಂದ ಶುರು ಮಾಡಿ ಆಗಲೇ ಮೊಣಕಾಲಿನ ಮಟ್ಟಕ್ಕೆ ಬಂದಿದ್ದ.

ಇದನ್ನು ಹೋಗಿ ಮೇಸ್ತ್ರಿಗೆ ಹೇಳಿದರೆ ಎಷ್ಟು ಆಣೆ ಹಾಕಬೇಕಾದೀತು ಅಂತ ನೆನೆದೇ ನನಗೆ ಮೈ ಸೋತುಹೋಯಿತು.

"ಏನಣ್ಣ ಮಾಡ್ತಿದ್ದೀಯೆ?" ಅಂದೆ.

"ಕಾಣಾಕಿಲ್ವಾ? ನಿಮ್ಮತ್ತೆಗೆ ಶ್ರಮ ಯಾಕೆ ಅಂತ ಒಗೀತಾವ್ನಿ."

"ಒಗಿಯಾಕೆ ನೀರೆಲ್ಲದೆ?"

ಕಮ್ಮಾರ ಒಂದು ಕಣ್ಣು ತೆರೆದು, ಪಾಪ ಇವನಿಗೆ ಏನೂ ತಿಳಿಯದು ಅನ್ನುವ ಹಾಗೆ ನನ್ನನ್ನು ನೋಡಿದ.

"ನೀರ್ ಬೆರೆಸ್ಬಾರ್ದು ಕಣ್ಲಾ. ಕೆಟ್ಟೋಯ್ತದೆ."